ಅನಿಲಾವಶೋಷಣೆಯಲ್ಲಿ ಮೋಲ್ ನಿಷ್ಪತ್ತಿಯ ಗಣನೆ

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಸೋಡಾ ಕಾರ್ಖಾನೆಗಳು, ಉಪ್ಪಿಗೆ ಗಂಧಕಾಮ್ಲವನ್ನು ಬೆರೆಸಿದಾಗ ಹೊರಡುವ ಹೈಡ್ರೋಜನ್ ಕ್ಲೋರೈಡನ್ನು ಗಾಳಿಗೆ ಬಿಡುತ್ತಿದ್ದುವು. ಅದರಿಂದ ಸುತ್ತಣ ಗಿಡಮರಗಳೂ ಬೆಳೆಯೂ ಹಾಳಾಗುತ್ತಿದ್ದುವು. ೧೮೩೬ರಲ್ಲಿ ವಿಲಿಯಂ ಗಾಸೇಜನು ಈ ಅನಿಲವನ್ನು ನೀರಿನಲ್ಲಿ ಹೀರಿಸುವ ಗೋಪುರವನ್ನು ರೂಪಿಸಿದನು. ೧೮೬೩ರ ಆಲ್ಕಲಿ ಶಾಸನವು, ಹೊರಟ ಅನಿಲದಲ್ಲಿ ಶೇಕಡ ೯೫ಕ್ಕೆ ಕಡಮೆಯಿಲ್ಲದ ಭಾಗವನ್ನು ಹಿಡಿದಿಡಬೇಕೆಂದು ವಿಧಿಸಿತು. ಈ ೯೫ನ್ನು ಎಣಿಸುವ ಬಗೆ ಹೇಗೆ? ಸುಲಭವಾಗಿ ತೋರುವ ಈ ಪ್ರಶ್ನೆಯಲ್ಲಿ ವಿದ್ಯಾರ್ಥಿಗಳು ಎಡವುವುದುಂಟು.

ಗೋಪುರದ ಬುಡಕ್ಕೆ ೧೦೦ ಮೋಲ್ ಮಿಶ್ರಣವು ಬರುವುದೆಂದೂ, ಅದರಲ್ಲಿ ೨೦ ಹೈಡ್ರೋಜನ್ ಕ್ಲೋರೈಡ್, ೮೦ ಗಾಳಿ ಎಂದೂ ಭಾವಿಸೋಣ. ೧೯ ಮೋಲ್ ನೀರಿಗೆ ಸೇರಿದರೆ ಶಾಸನವನ್ನು ಪಾಲಿಸಿದಂತಾಯಿತು. ಆಗ ತುದಿಯಿಂದ ಹೊರಡುವುದು ೧ ಮೋಲ್ ಹೈಡ್ರೋಜನ್ ಕ್ಲೋರೈಡ್, ೮೦ ಮೋಲ್ ಗಾಳಿ, ಒಟ್ಟು ೮೧. ಪರೀಕ್ಷಕನು ಮೋಲ್ ಭಿನ್ನಾಂಶವನ್ನು, ಎಂದರೆ ಇಡೀ ಮಿಶ್ರಣದಲ್ಲಿ ಆ ಅನಿಲದ ಪಾಲನ್ನು ನೋಡಿದನೆನ್ನಿ. ಅದು ಬುಡದಲ್ಲಿ ೦.೨೦, ತುದಿಯಲ್ಲಿ ೦.೦೧೨೩. ಇವೆರಡನ್ನೇ ಹೋಲಿಸಿದರೆ ಶೇಕಡ ೯೩.೮ ಮಾತ್ರ ಹೀರಲ್ಪಟ್ಟಂತೆ ತೋರಿ, ನಿಯಮ ಪಾಲಿಸಿದವನೇ ಅಪರಾಧಿಯಾಗುತ್ತಾನೆ! ದೋಷವಿರುವುದು ಛೇದದಲ್ಲಿ: ಬುಡದಲ್ಲಿ ೧೦೦ ಆಗಿದ್ದ ಛೇದವು ತುದಿಯಲ್ಲಿ ೮೧ಕ್ಕೆ ಇಳಿದಿದೆ.

ಗಾಳಿಯಾದರೋ ನೀರಿನಲ್ಲಿ ಬಹು ಸ್ವಲ್ಪವೇ ಕರಗುವುದರಿಂದ ಉದ್ದಕ್ಕೂ ೮೦ ಮೋಲಾಗಿಯೇ ಉಳಿಯುತ್ತದೆ. ಆದ್ದರಿಂದ ಅದನ್ನೇ ಛೇದವಾಗಿ ಹಿಡಿಯುವುದು ಯುಕ್ತ. ಕರಗುವ ಅನಿಲದ ಮೋಲುಗಳನ್ನು ಕರಗದ ಅನಿಲದ ಮೋಲುಗಳಿಂದ ಭಾಗಿಸಿದರೆ ಮೋಲ್ ನಿಷ್ಪತ್ತಿ ದೊರೆಯುತ್ತದೆ. ಬುಡದಲ್ಲಿ ೨೦/೮೦ = ೦.೨೫; ತುದಿಯಲ್ಲಿ ೧/೮೦ = ೦.೦೧೨೫. ಎರಡನೆಯದು ಮೊದಲನೆಯದರ ಇಪ್ಪತ್ತನೆಯ ಒಂದು ಪಾಲು. ಶೇಕಡ ೯೫ ಸರಿಯಾಗಿ ಬಂದಿತು. ಭಿನ್ನಾಂಶವು ತಿಳಿದಿದ್ದರೆ, ಅದನ್ನು ಒಂದರಿಂದ ಕಳೆದು, ಉಳಿದುದರಿಂದ ಆ ಭಿನ್ನಾಂಶವನ್ನೇ ಭಾಗಿಸಿದರೆ ನಿಷ್ಪತ್ತಿಯಾಗುತ್ತದೆ.

ದ್ರವಕ್ಕೂ ಇದೇ ಕ್ರಮ. ಶುದ್ಧವಾದ ೩೮೦ ಮೋಲ್ ನೀರನ್ನು ಮೇಲಿನಿಂದ ಸುರಿದರೆ, ಬುಡದಲ್ಲಿ ಅದರ ನಿಷ್ಪತ್ತಿ ೧೯/೩೮೦ = ೦.೦೫. ಗಾಳಿಯು ಕಳೆದುಕೊಂಡುದು ೮೦ × (೦.೨೫ − ೦.೦೧೨೫) = ೧೯; ನೀರು ಪಡೆದುದು ೩೮೦ × ೦.೦೫ = ೧೯. ಗೋಪುರದ ಯಾವ ಮಟ್ಟದಲ್ಲಿ ನೋಡಿದರೂ ಈ ಲೆಕ್ಕವು ನಿಲ್ಲುವುದರಿಂದ, ಎರಡು ನಿಷ್ಪತ್ತಿಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಕಾರ್ಯರೇಖೆಯು ಸರಳರೇಖೆಯಾಗುತ್ತದೆ. ಅದರ ಓಟ ೩೮೦/೮೦, ಎಂದರೆ ೪.೭೫. ಭಿನ್ನಾಂಶಗಳಿಂದ ಎಳೆದರೆ ಅದು ಬಾಗುತ್ತದೆ.

ಅನಿಲವು ಶೇಕಡ ಒಂದರಷ್ಟೇ ಇದ್ದಾಗ ಭಿನ್ನಾಂಶ ೦.೦೧, ನಿಷ್ಪತ್ತಿ ೦.೦೧೦೧, ಆಗ ಭೇದವನ್ನು ಗಣಿಸಬೇಕಾಗಿಲ್ಲ. ಮಿಶ್ರಣವು ಸಾಂದ್ರವಾದಂತೆಲ್ಲ ಈ ಭೇದವು ಬೆಳೆಯುತ್ತದೆ. ಆದುದರಿಂದ ಲೆಕ್ಕಕ್ಕೆ ಕೈಯಿಕ್ಕುವ ಮೊದಲು, ಗೋಪುರದಲ್ಲಿ ಬದಲಾಗದೆ ಉಳಿಯುವ ವಸ್ತು ಯಾವುದೆಂಬುದನ್ನು ವಿದ್ಯಾರ್ಥಿಯು ಕೇಳಿಕೊಳ್ಳತಕ್ಕದ್ದು.