ಮೆಟ್ಟಿಲಿಗೆ ಹಾಸು ಹೊದಿಸುವ ವಿಜ್ಞಾನ

ಮೆಟ್ಟಿಲಿನಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯರು ಯಾವ ಊರಿನಲ್ಲಿಲ್ಲ? ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಟಿಪ್ಪುಸುಲ್ತಾನನು ಕಟ್ಟಿಸಿದ ದರಿಯಾ ದೌಲತ್ ಬಹುಮಟ್ಟಿಗೆ ತೇಗದ ಮರದ ಕಟ್ಟಡ. ಹಿಂದೆ ಕೃಷ್ಣರಾಜಪೇಟೆಯ ಸುತ್ತಿನ ಮನೆಗಳಲ್ಲಿಯೂ ಅಟ್ಟಕ್ಕೆ ಹತ್ತಲು ಮರದ ಮೆಟ್ಟಿಲುಗಳಿದ್ದವು. ಇಂದಿನ ಮಹಡಿಮನೆಗಳಲ್ಲಿ ಕನ್ನಡಿಯಂತೆ ಹೊಳೆಯುವ ಕಲ್ಲು ಬಂದಿದೆ. ಮರವಾಗಲಿ ಕಲ್ಲಾಗಲಿ, ನುಣುಪಾದ ಮೆಟ್ಟಿಲಿನ ಮೇಲೆ ಜಮಖಾನವನ್ನೋ ರತ್ನಗಂಬಳಿಯನ್ನೋ ಉದ್ದಕ್ಕೆ ಹಾಸಿದರೆ ಕಾಲು ಜಾರದೆಂದು ನಾವು ನಂಬುತ್ತೇವೆ. ಈ ನಂಬಿಕೆ ಅರ್ಧ ಮಾತ್ರ ನಿಜ. ಸರಿಯಾಗಿ ಹೊದಿಸದ ಹಾಸು ಬರಿಯ ಮೆಟ್ಟಿಲಿಗಿಂತಲೂ ಅಪಾಯಕರ. ಇದಕ್ಕೆ ಕಾರಣವೇನೆಂಬುದನ್ನು ವಿಚಾರಮಾಡೋಣ.

ಕಾಲು ಜಾರದಂತೆ ತಡೆಯುವುದು ಘರ್ಷಣೆ. ಬರಿಯ ಮೆಟ್ಟಿಲಿನಲ್ಲಿ ಘರ್ಷಣೆಗೆ ಒಂದೇ ಎಡೆ: ಪಾದಕ್ಕೂ ಮರಕ್ಕೂ ನಡುವೆ. ಹಾಸು ಬಂದೊಡನೆ ಎಡೆಗಳು ಎರಡಾಗುತ್ತವೆ: ಪಾದಕ್ಕೂ ಹಾಸಿಗೂ ನಡುವೆ ಒಂದು, ಹಾಸಿಗೂ ಮರಕ್ಕೂ ನಡುವೆ ಇನ್ನೊಂದು. ಸರಪಳಿಯ ಬಲವು ಅದರ ದುರ್ಬಲವಾದ ಕೊಂಡಿಯಲ್ಲಿರುವಂತೆ, ಇಲ್ಲಿಯೂ ಎರಡರಲ್ಲಿ ಕಡಿಮೆ ಘರ್ಷಣೆಯುಳ್ಳ ಎಡೆಯೇ ಫಲವನ್ನು ನಿರ್ಣಯಿಸುತ್ತದೆ. ಒಂದು ಹಲಗೆಯ ಮೇಲೆ ಬಟ್ಟೆಯನ್ನು ಹರಡಿ, ಅದರ ಮೇಲೆ ಇಟ್ಟಿಗೆಯನ್ನಿಟ್ಟು, ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತಿ ನೋಡಿರಿ. ಹಲಗೆ ನುಣುಪಾಗಿದ್ದರೆ ಇಟ್ಟಿಗೆ ಬಟ್ಟೆಯನ್ನು ಬಿಡದೆ, ಬಟ್ಟೆಯೊಡನೆಯೇ ಜಾರಿಬರುವುದು. ಜಾರಲು ಮೊದಲಾದ ಕೋನದ ಟ್ಯಾಂಜೆಂಟೇ ಆ ಎಡೆಯ ಘರ್ಷಣಾಂಕ. ಇಟ್ಟಿಗೆಯ ಸ್ಥಾನದಲ್ಲಿ ಮನುಷ್ಯನಿದ್ದರೆ ಆಗುವ ಅನಾಹುತವನ್ನು ಊಹಿಸುವುದು ಕಷ್ಟವಲ್ಲ.

ಇಳಿಯುವಾಗ ನಮ್ಮ ಪಾದವು ಮೆಟ್ಟಿಲನ್ನು ಕೆಳಕ್ಕೆ ಮಾತ್ರವಲ್ಲದೆ ಮುಂದಕ್ಕೂ ದೂಡುತ್ತದೆ. ಸಡಿಲವಾದ ಹಾಸು ಆಗ ಅಂಚಿನಾಚೆಗೆ ಸರಿದು ಮಡಿಕೆಯಾಗುತ್ತದೆ. ಕಣ್ಣಿಗೆ ಅಂಚಿನಂತೆ ತೋರುವ ಆ ಮಡಿಕೆಯ ಕೆಳಗೆ ಮರವೇ ಇರುವುದಿಲ್ಲ. ಆದಕಾರಣ ಹಾಸನ್ನು ಮೇಲೆ ಕೆಳಗೆ ಎರಡೇ ಕಡೆ ಬಿಗಿದರೆ ಸಾಲದು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ, ಕಾಲಿಡುವ ಹಲಗೆಯೂ ಅದರ ಹಿಂದಿನ ನಿಂತ ಹಲಗೆಯೂ ಕೂಡುವ ಒಳಮೂಲೆಯಲ್ಲಿ, ಅದನ್ನು ಹಿಡಿದಿಡಬೇಕು. ಅಲ್ಲಿ ಪಾದ ತಗಲುವುದಿಲ್ಲ. ಮುಂದಕ್ಕೆ ಎಳೆಯುವ ಬಲವನ್ನು ಆಯಾ ಮೆಟ್ಟಿಲೇ ತಡೆದುಕೊಳ್ಳುತ್ತದೆ. ಮರಕ್ಕೆ ಚಿಕ್ಕ ಮೊಳೆಗಳಾಗಲಿ, ಎರಡು ಬಳೆಗಳ ನಡುವೆ ಕೂಡಿಸಿದ ಹಿತ್ತಾಳೆಯ ಸರಳಾಗಲಿ ಸಾಕು. ಕಲ್ಲಿಗೆ ಮೊಳೆ ಹಿಡಿಯದು. ತೂತು ಕೊರೆದು ತಿರುಪುಮೊಳೆಯಿಂದ ಸರಳನ್ನು ನಿಲ್ಲಿಸಬೇಕು.

ಇನ್ನು ಹಾಸಿನ ಉದ್ದ. ನೆಲದಿಂದ ಮಹಡಿಗೆ 306 ಸೆಂಟಿಮೀಟರು ಎತ್ತರ, ತಲಾ 17 ಸೆಂಟಿಮೀಟರಿನ 18 ಏರುಗಳು ಎಂದಿಟ್ಟುಕೊಳ್ಳೋಣ. ಹದಿನೆಂಟನೆಯ ಏರು ಮಹಡಿಯ ನೆಲವನ್ನೇ ಮುಟ್ಟುವುದರಿಂದ ಕಾಲಿಡುವ ಹಲಗೆಗಳು 17. ಒಂದೊಂದೂ 26 ಸೆಂಟಿಮೀಟರು ಆದರೆ ಒಟ್ಟು 442. ಮೇಲಿನಿಂದ ಕೆಳಕ್ಕೆ ಓರೆಯಾಗಿ ಹಗ್ಗ ಹಿಡಿದು ಅಳೆದವರಿಗೆ, ಪೈಥಾಗೊರಸನ ಪ್ರಮೇಯದಂತೆ, ಸುಮಾರು 538 ಸೆಂಟಿಮೀಟರು ಸಿಕ್ಕುತ್ತದೆ. ಆದರೆ ಬೇಕಾದ ಬಟ್ಟೆ 306 ಮತ್ತು 442 ಸೇರಿ 748 ಸೆಂಟಿಮೀಟರು! ಎರಡು ಮೀಟರಿಗೂ ಹೆಚ್ಚಿನ ಕೊರತೆ. ಇದೇ ಎತ್ತರ, ಇದೇ ಚಾಚನ್ನು ಎಷ್ಟೇ ಸಣ್ಣ ಮೆಟ್ಟಿಲುಗಳಾಗಿ ಒಡೆದರೂ ಮೊತ್ತ 748 ಆಗಿಯೇ ಉಳಿಯುವುದೆಂಬುದು ಗಣಿತದ ಒಂದು ಸೊಗಸು. ಹಲಗೆಯ ಅಂಚು ಮುಂದಕ್ಕೆ ಚಾಚಿಕೊಂಡಿದ್ದರೆ ಬಟ್ಟೆ ಇನ್ನಷ್ಟು ಬೇಕು. ಆಗ ಒಂದು ಮೆಟ್ಟಿಲಿನ ಮೈಗಂಟಿದಂತೆ ದಾರವನ್ನಿಟ್ಟು ಅಳೆಯುವುದೇ ಲೇಸು.

ಹಾಸಿನ ದಪ್ಪವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಎಲ್ಲ ಮೆಟ್ಟಿಲುಗಳ ಮೇಲೂ ಒಂದೇ ದಪ್ಪ ಏರುವುದರಿಂದ ನಡುವಿನ ಮೆಟ್ಟಿಲುಗಳ ಎತ್ತರ ಬದಲಾಗದು. ಆದರೆ ಕೆಳಗಿನ ನೆಲಕ್ಕೂ ಮಹಡಿಯ ನೆಲಕ್ಕೂ ಹಾಸಿಲ್ಲ. ಒಂದೂವರೆ ಸೆಂಟಿಮೀಟರು ದಪ್ಪದ ರತ್ನಗಂಬಳಿಯನ್ನು ಹೊದಿಸಿದರೆ ಮೊದಲನೆಯ ಏರು ಹದಿನೇಳರಿಂದ ಹದಿನೆಂಟೂವರೆ ಆಗುತ್ತದೆ. ಕಡೆಯದು ಹದಿನೈದೂವರೆಗೆ ಇಳಿಯುತ್ತದೆ. ಎರಡು ಮೂರು ಮೆಟ್ಟಿಲು ದಾಟಿದೊಡನೆ ಕಾಲು ಎತ್ತರವನ್ನು ಕಲಿತುಕೊಂಡು, ಕಣ್ಣಿನ ನೆರವನ್ನು ಬೇಡದೆ ನಡೆಯುತ್ತದೆ. ಅಲ್ಪ ವ್ಯತ್ಯಾಸವೂ ಅದನ್ನು ಮೋಸಗೊಳಿಸುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ 36ನೆಯ ಬೀದಿಯ ಸುರಂಗ ರೈಲುನಿಲ್ದಾಣದಲ್ಲಿ ಒಂದೇ ಒಂದು ಮೆಟ್ಟಿಲು ಉಳಿದವುಗಳಿಗಿಂತ ಕೊಂಚ ಎತ್ತರವಾಗಿತ್ತು. ಅಲ್ಲಿ ಜನರು ಒಬ್ಬರ ಹಿಂದೊಬ್ಬರು ಎಡವುವುದನ್ನು 2012ರಲ್ಲಿ ಚಿತ್ರೀಕರಿಸಿ ತೋರಿಸಲಾಯಿತು.

ಆದುದರಿಂದ ಮನೆಯ ಮೆಟ್ಟಿಲಿಗೆ ತೆಳುವಾದ, ಬಿಗಿಯಾದ ನೆಯ್ಗೆಯ ಹಾಸೇ ಮೇಲು. ಧಾರವಾಡ ಜಿಲ್ಲೆಯ ನವಲಗುಂದದ ಹೆಂಗಸರು ನೇಯುವ ಹತ್ತಿಯ ಜಮಖಾನಗಳು ನಮ್ಮ ನಾಡಿನಲ್ಲಿ ಪ್ರಸಿದ್ಧವಾಗಿವೆ. ಅಂತಹ ಹತ್ತಿಯ ಹಾಸನ್ನು ಮೆಟ್ಟಿಲಿಗೆ ಕೊಂಡವರು ಬಿಗಿಯುವ ಮೊದಲೇ ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸುವುದು ಒಳ್ಳೆಯದು. ಹತ್ತಿಯ ನೂಲು ನೀರು ಕಂಡಾಗ ಕುಗ್ಗುವ ಸ್ವಭಾವದ್ದು. ರತ್ನಗಂಬಳಿಯೇ ಬೇಕೆನ್ನುವವರು ಅದರ ರೋಮಗಳು ಕೆಳಮುಖವಾಗಿ ಒರಗುವಂತೆ ಹಾಸಬೇಕು. ಮೆಟ್ಟಿಲಿನ ಬುಡದಲ್ಲಿಯೂ ತಲೆಯಲ್ಲಿಯೂ ನೆಲದ ಮೇಲೆ ಅಷ್ಟೇ ದಪ್ಪದ ಹಾಸನ್ನು ಭದ್ರವಾಗಿ ಬಿಗಿದರೆ ಏರುಗಳು ಮತ್ತೆ ಸಮನಾಗುತ್ತವೆ.

ಸವೆತ ಮೊದಲು ಕಾಣುವುದು ಅಂಚಿನ ಮೇಲೆ. ಅಳತೆಗಿಂತ ಒಂದೆರಡು ಗೇಣು ಹೆಚ್ಚಿಗೆ ಕೊಂಡು ತುದಿಯಲ್ಲಿ ನಿಂತ ಹಲಗೆಯ ಮೇಲೆ ಮಡಿಸಿಟ್ಟಿದ್ದರೆ, ವರ್ಷಕ್ಕೊಮ್ಮೆ ಹಾಸನ್ನು ನಾಲ್ಕು ಬೆರಳು ಸರಿಸಿ ಸವೆದ ಭಾಗವನ್ನು ಅಂಚಿನಿಂದ ತಪ್ಪಿಸಬಹುದು. ಆ ದಿನವೇ ಪ್ರತಿಯೊಂದು ಒಳಮೂಲೆಯ ಹಿಡಿತವನ್ನೂ ಕೈಯಿಂದ ಎಳೆದು ಪರೀಕ್ಷಿಸಬೇಕು. ಎಳೆದರೆ ಮೇಲೇಳುವ ಹಾಸನ್ನು ಆಗಲೇ ಬಿಗಿಯಬೇಕು. ಬಿಗಿಯಲಾಗದಿದ್ದರೆ ಅದನ್ನು ತೆಗೆದುಹಾಕುವುದೇ ಮನೆಯ ಮುದುಕರಿಗೂ ಮಕ್ಕಳಿಗೂ ಕ್ಷೇಮ.