ಕುಮಟೆ-ಹೊನ್ನಾವರ ಕರಾವಳಿಗೆ ಸಂಸಾರಸಮೇತ ಪ್ರವಾಸ

ಪ್ರವಾಸ ಹೊರಡುವುದು ಸುಲಭ. ಅದನ್ನು ಯೋಜಿಸುವುದು ಕಷ್ಟ. ಕಳೆದ ರಜೆಯಲ್ಲಿ ಆ ಕಷ್ಟ ನನ್ನ ಪಾಲಿಗೆ ಬಂದಿತು. ನಮ್ಮದು ಬಯಲುಸೀಮೆಯ ಊರು. 78 ವರ್ಷದ ನಮ್ಮಜ್ಜಿ ಸಮುದ್ರವನ್ನು ಕಂಡವರಲ್ಲ. ಮಂಡಿನೋವು ಹೆಚ್ಚುತ್ತಿದ್ದುದರಿಂದ, "ಈ ವರ್ಷ ಆಗದಿದ್ದರೆ ಇನ್ನಿಲ್ಲ ಕಣಪ್ಪ" ಎಂದು ಅವರೇ ಹೇಳಿದರು. ನಾನು ಚರಿತ್ರೆಯ ವಿದ್ಯಾರ್ಥಿಯೆಂದು ತಂದೆಯವರು ಹೊಣೆಯನ್ನು ನನಗೆ ವಹಿಸಿದರು.

ನಾನು ಉತ್ಸಾಹದಿಂದ ಎರಡು ದಿನಕ್ಕೆ ಒಂಬತ್ತು ಸ್ಥಳಗಳ ಪಟ್ಟಿ ಮಾಡಿದೆ. ತಾಯಿಯವರು ಅದನ್ನೋದಿ, "ಇದರಲ್ಲಿ ಅಜ್ಜಿ ಕೂರುವುದು ಯಾವಾಗ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಪಟ್ಟಿಯನ್ನು ಹರಿದು ಹೊಸದಾಗಿ ಆರಂಭಿಸಿದೆ. ಆಗ ಕಲಿತುದು ಮಿತ್ರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಸ್ಥಳದ ಆಯ್ಕೆ. ಅಘನಾಶಿನಿ ಮತ್ತು ಶರಾವತಿ ನದಿಗಳು ಕಡಲು ಸೇರುವ ಈ ಭಾಗದಲ್ಲಿ ಗದ್ದಲ ಕಡಿಮೆ, ಚರಿತ್ರೆ ಹೆಚ್ಚು. ಹದಿನಾಲ್ಕನೆಯ ಶತಮಾನದ ಯಾತ್ರಿಕ ಇಬ್ನ್ ಬತೂತ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುವೆಂದು ಬರೆದಿದ್ದಾನೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದು ಕರೆಯುತ್ತಿದ್ದರು. ಆಕೆಯ ಹೆಸರಿನೊಡನೆ ಸೇರಿಬಂದ ಮಿರ್ಜಾನಿನ ಜಂಬಿಟ್ಟಿಗೆ ಕೋಟೆ ಕುಮಟೆಗೆ ಸುಮಾರು 11 ಕಿಲೋಮೀಟರು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗದಲ್ಲಿ ಕುಮಟೆ, ಹೊನ್ನಾವರ ಎರಡೂ ನಿಲ್ದಾಣಗಳೇ. ಆದುದರಿಂದ ಕುಮಟೆಯಲ್ಲೇ ತಂಗಿದೆವು. ದಿನವೂ ಗಂಟುಮೂಟೆ ಕಟ್ಟುವ ಕೆಲಸ ತಪ್ಪಿತು.

ಎರಡನೆಯದು ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರು, ಕಡಲು ಒರಟು. ಮಾರ್ಚ್ ಕಳೆದರೆ ಸೆಕೆ ವೃದ್ಧರಿಗೆ ಕಷ್ಟ. ನಾವು ಡಿಸೆಂಬರನ್ನು ಆರಿಸಿಕೊಂಡೆವು.

ಮೂರನೆಯದು ಉಬ್ಬರವಿಳಿತ, ಬಯಲುಸೀಮೆಯವರು ಮರೆಯುವ ಸಂಗತಿಯಿದು. ಒಂದು ಉಬ್ಬರಕ್ಕೂ ಮುಂದಿನದಕ್ಕೂ ಸುಮಾರು 12 ಗಂಟೆ 25 ನಿಮಿಷಗಳ ಅಂತರ. ಹೀಗಾಗಿ ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯಚಂದ್ರರ ಸೆಳೆತಗಳು ಕೂಡಿಕೊಳ್ಳುವುದರಿಂದ ನೀರು ಬಹಳ ಏರಿ ಬಹಳ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಈ ಏರಿಳಿತ ಕಡಿಮೆ. ನಮ್ಮ ಮನೆಯಲ್ಲಿ ಪಂಚಾಂಗ ಬಲ್ಲವರು ಅಜ್ಜಿಯೊಬ್ಬರೇ. ದಿನವನ್ನು ಅವರೇ ಗೊತ್ತುಮಾಡಿದರು! ಆದರೂ ಎಲ್ಲಿ ನೀರಿಗಿಳಿಯಬಹುದೆಂಬುದನ್ನು ಅಲ್ಲಿಯ ಮೀನುಗಾರರನ್ನು ಕೇಳಿಯೇ ತಿಳಿಯಬೇಕು. ಸೆಳೆತಕ್ಕೆ ಪಂಚಾಂಗವಿಲ್ಲ.

ನಾಲ್ಕನೆಯದು ಮಿತಿ. ದಿನಕ್ಕೊಂದೇ ಸ್ಥಳವೆಂದು ನಿಯಮ ಮಾಡಿಕೊಂಡೆವು. ಮಿರ್ಜಾನಿನಲ್ಲಿ ಅಜ್ಜಿ ನೆರಳಿನಲ್ಲಿ ಕುಳಿತರು. ನಾವು ಕೋಟೆ ಸುತ್ತಿಬಂದು ಕಂಡುದನ್ನೆಲ್ಲ ಅವರಿಗೆ ವರ್ಣಿಸಿದೆವು.

ಮರುದಿನ ಸಂಜೆ ಧಾರೇಶ್ವರದಲ್ಲಿ ದೇವರ ದರ್ಶನ ಮುಗಿಸಿ ತೀರಕ್ಕೆ ಹೋದೆವು. ಮರಳಿನ ಮೇಲೆ ಕುರ್ಚಿಯಿಟ್ಟು ಅಜ್ಜಿಯನ್ನು ಕೂರಿಸಿದೆವು. ಅಲೆಯೊಂದು ಬಂದು ಅವರ ಪಾದ ತೋಯಿಸಿತು. ಅವರು ಬಾಗಿ, ಬೆರಳು ಅದ್ದಿ ನಾಲಗೆಗಿಟ್ಟುಕೊಂಡು, "ಹೌದು, ಉಪ್ಪೇ" ಎಂದರು. ಆಮೇಲೆ ಒಂದು ಗಂಟೆ ಮಾತನಾಡಲಿಲ್ಲ.

ನಾನು ಹರಿದ ಪಟ್ಟಿಯಲ್ಲಿ ಆ ಒಂದು ಗಂಟೆಗೆ ಜಾಗವಿರಲಿಲ್ಲ.