ಶಾಲಾ ಮಕ್ಕಳ ಕಿರುಕುಳದ ವಿಡಿಯೋ ಶೇರ್ ಮಾಡಿದರೆ ನ್ಯಾಯ ಸಿಗುತ್ತದೆಯೇ?

ಯೂನಿಫಾರ್ಮ್ ತೊಟ್ಟ ಹುಡುಗಿಯನ್ನು ಸಹಪಾಠಿಗಳೇ ಸುತ್ತುವರಿದು ಪೀಡಿಸುತ್ತಿರುವ ವಿಡಿಯೋ. ಕೆಳಗೆ 'ಇವರು ಸಿಕ್ಕಿಬೀಳುವವರೆಗೂ ಶೇರ್ ಮಾಡಿ' ಎಂಬ ಒಕ್ಕಣೆ. ಇಂಥ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಕಳಿಸಿದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಶೇರ್ ಮಾಡುವುದು ಸರಿಯೇ?

ಖಂಡಿತ ಅಲ್ಲ. ಹತ್ತು ಮಂದಿಯ ಎದುರು ಆದ ಅವಮಾನವನ್ನು ಫಾರ್ವರ್ಡ್ ಊರಿಗೆಲ್ಲ ಹಂಚುತ್ತದೆ. ಮುಖ ಮಸುಕಾಗಿಸಿದ್ದರೂ ಯೂನಿಫಾರ್ಮ್, ದನಿ, ಶಾಲೆಯ ಗೋಡೆಯಿಂದಲೇ ಪರಿಚಿತರಿಗೆ ಗುರುತು ಸಿಕ್ಕಿಬಿಡುತ್ತದೆ. ಆ ಹುಡುಗಿ ನಾಳೆ ಅದೇ ಶಾಲೆಗೆ ಹೋಗಬೇಕು.

ಕಾನೂನು ಏನು ಹೇಳುತ್ತದೆ?

18 ವರ್ಷದೊಳಗಿನವರ ಮೇಲಿನ ಲೈಂಗಿಕ ಕಿರುಕುಳಕ್ಕೆ 2012ರ ಪೋಕ್ಸೋ ಕಾಯ್ದೆ ಅನ್ವಯಿಸುತ್ತದೆ. ಸಂತ್ರಸ್ತ ಮಗುವಿನ ಹೆಸರು, ಫೋಟೋ, ಶಾಲೆಯ ವಿವರ ಬಹಿರಂಗಪಡಿಸುವುದನ್ನು ಅದರ 23ನೇ ಸೆಕ್ಷನ್ ನಿಷೇಧಿಸುತ್ತದೆ. ಮಕ್ಕಳ ಅಶ್ಲೀಲ ದೃಶ್ಯಗಳನ್ನು ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಮೊದಲ ಬಾರಿಗೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು.

ಹಾಗಾದರೆ ಏನು ಮಾಡಬೇಕು?

ಸುಮ್ಮನಿರುವುದೂ ತಪ್ಪೇ. ಮಕ್ಕಳ ಮೇಲೆ ಲೈಂಗಿಕ ಅಪರಾಧ ನಡೆದಿದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಪೋಕ್ಸೋ. ವಿಡಿಯೋ ಯಾರಿಂದ, ಯಾವ ಗ್ರೂಪಿನಲ್ಲಿ, ಎಂದು ಬಂತು ಎಂಬುದನ್ನು ಬರೆದಿಟ್ಟುಕೊಳ್ಳಿ. ಹತ್ತಿರದ ಠಾಣೆಗೆ, ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ತುರ್ತಿದ್ದರೆ 112ಕ್ಕೆ ತಿಳಿಸಿ. ಗ್ರೂಪಿನಲ್ಲಿ 'ಇದನ್ನು ಮುಂದಕ್ಕೆ ಕಳಿಸಬೇಡಿ' ಎಂದು ಹೇಳಿ.

'ಹುಡುಗಾಟ, ತಾನಾಗಿಯೇ ನಿಲ್ಲುತ್ತದೆ' ಎಂಬುದು ನಿಜವೇ?

ಇಲ್ಲ. ನೋಡುಗರು ನಕ್ಕರೆ ಪೀಡಿಸುವವರಿಗೆ ಹುರುಪು ಹೆಚ್ಚುತ್ತದೆ. ಕೆನಡಾದ ಪ್ರಾಥಮಿಕ ಶಾಲೆಗಳಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಹಪಾಠಿಗಳು ಅಡ್ಡ ಬಂದ ಪ್ರಸಂಗಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ 10 ಸೆಕೆಂಡಿನೊಳಗೆ ಕಿರುಕುಳ ನಿಂತಿತ್ತು. ಆದರೆ ಅಡ್ಡ ಬರುವವರೇ ಕಡಿಮೆ.

ಇದನ್ನು ಹೈಸ್ಕೂಲ್ ಮಕ್ಕಳಿಗೂ ಕಲಿಸಬಹುದು. ಜಗಳಕ್ಕೆ ಇಳಿಯಬೇಕಿಲ್ಲ. 'ಬಾರೇ, ಟೀಚರ್ ಕರೀತಿದ್ದಾರೆ' ಎಂದು ಕೈಹಿಡಿದು ಕರೆದೊಯ್ದರೂ ಸಾಕು. ಅಪಾಯ ಎನಿಸಿದರೆ ದೊಡ್ಡವರನ್ನು ಕರೆಯಲಿ, ಮೊಬೈಲಿನಲ್ಲಿ ಚಿತ್ರೀಕರಿಸುತ್ತಾ ನಿಲ್ಲುವುದು ಬೇಡ.

ನಿಮ್ಮ ಮಗುವೇ ಬಂದು ಹೇಳಿಕೊಂಡರೆ 'ನೀನೇಕೆ ಅಲ್ಲಿಗೆ ಹೋದೆ?' ಎನ್ನಬೇಡಿ. ಮೊಬೈಲ್ ಕಿತ್ತುಕೊಳ್ಳುವ, ಶಾಲೆ ಬಿಡಿಸುವ ಭಯವಿದ್ದರೆ ಮಕ್ಕಳು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ. 'ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ' ಎನ್ನಿ. ನಂತರ ಮಗುವಿನ ಜೊತೆಗೇ ಕೂತು ಮುಂದಿನ ಹೆಜ್ಜೆ ನಿರ್ಧರಿಸಿ.

ಶೇರ್ ಮಾಡಲೇಬೇಕು ಎನಿಸಿದರೆ ವಿಡಿಯೋ ಬಿಟ್ಟು 1098 ಸಂಖ್ಯೆಯನ್ನು ಶೇರ್ ಮಾಡಿ.